ಮನೆಯಲ್ಲಿ ಮೊದಲ ಪೈ: ಯಾವ ಸಾಮಾನು ಕೊಳ್ಳಬೇಕು, ಯಾವುದು ಅಡುಗೆಮನೆಯಲ್ಲೇ ಇದೆ

"ಪೈ ಮಾಡೋಕೆ ಯಾವ ಟಿನ್ ತಗೊಳ್ಳಲಿ?" "ಚಪಾತಿ ಲಟ್ಟಣಿಗೆ ಸಾಕಾಗುತ್ತಾ?" "ಓಟಿಜಿ ಇಲ್ಲ, ಮೈಕ್ರೋವೇವ್ ಇದೆ, ಆಗುತ್ತಾ?" ಈ ಮೂರು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತಲೇ ಇವೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರ ಕೊಟ್ಟರೆ ಏನೋ ಒಂದು ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ, ಕೊಳ್ಳಬೇಕಾದ ಕ್ರಮದಲ್ಲೇ ಬರೆದಿಟ್ಟಿದ್ದೇನೆ.

ಹೋಳಿಗೆ ಮಾಡಿ ಗೊತ್ತಿರುವವರಿಗೆ ಪೈ ಹೊಸದೇನಲ್ಲ. ಅಲ್ಲಿಯಂತೆ ಇಲ್ಲೂ ಒಂದು ಕಣಕ, ಒಂದು ಹೂರಣ. ಮೈದಾ, ಬೆಣ್ಣೆ, ತಣ್ಣೀರು ಸೇರಿಸಿದ ಕಣಕವನ್ನು ಲಟ್ಟಿಸಿ, ಅಂಚು ಇಳಿಜಾರಾಗಿರುವ ಟಿನ್ನಿಗೆ ಹಾಸಬೇಕು. ಒಳಗೆ ಸೇಬು, ಅನಾನಸ್ ಅಥವಾ ಪಲ್ಯದಂಥ ಖಾರದ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸಬೇಕು. ಕಣಕಕ್ಕೆ ಮೊಟ್ಟೆ ಬೇಕಿಲ್ಲ. ವ್ಯತ್ಯಾಸ ಇರುವುದು ಒಂದೇ ಕಡೆ. ಹೋಳಿಗೆಯ ಕಣಕ ಎಳೆದರೆ ಹಿಗ್ಗಬೇಕು, ಅದಕ್ಕೆ ಚೆನ್ನಾಗಿ ನಾದುತ್ತೇವೆ. ಪೈ ಕಣಕ ಬೆಂದ ಮೇಲೆ ಗರಿಗರಿಯಾಗಿ ಉದುರಬೇಕು, ಅದಕ್ಕೆ ಅದನ್ನು ನಾದಲೇಬಾರದು.

ಹೊಸಬರ ಪೈ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಕಲಸುವಾಗಲೇ ಬೆಣ್ಣೆ ಕರಗಿಹೋಗುತ್ತದೆ. ಎರಡು, ಮೇಲೆ ಕೆಂಪಗಾದರೂ ತಳ ಹಸಿ ಹಸಿಯಾಗಿ ಉಳಿಯುತ್ತದೆ. ಹಾಗಾಗಿ ಯಾವ ಸಾಮಾನು ಕೈಗೆತ್ತಿಕೊಂಡರೂ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದು ಕಣಕವನ್ನು ತಣ್ಣಗಿಡಲು ನೆರವಾಗುತ್ತದೆಯೇ? ಇದು ತಳ ಬೇಯಲು ನೆರವಾಗುತ್ತದೆಯೇ? ಎರಡಕ್ಕೂ ಇಲ್ಲ ಅಂತಾದರೆ ಸದ್ಯಕ್ಕೆ ಅದು ಬೇಡ.

1. ಅಂಗಡಿಗೆ ಹೋಗುವ ಮುಂಚೆ ಓವನ್ ಅಳೆಯಿರಿ

ಎಲ್ಲರೂ ಮೊದಲು ಟಿನ್ ಕೊಳ್ಳುತ್ತಾರೆ. ಆಮೇಲೆ ನೋಡಿದರೆ ಅದು ಓವನ್ ಒಳಗೆ ಹಿಡಿಸುವುದಿಲ್ಲ. ಟೇಪ್ ತೆಗೆದುಕೊಂಡು ಓವನ್ ಒಳಗಿನ ಅಗಲ ಅಳೆಯಿರಿ. ಬಾಗಿಲಿನಿಂದ ಹಿಂದಿನ ಗೋಡೆಯವರೆಗಿನ ಆಳವನ್ನೂ ಅಳೆಯಿರಿ. ಎರಡನ್ನೂ ಬರೆದಿಟ್ಟುಕೊಳ್ಳಿ. ಪಾಕವಿಧಾನಗಳಲ್ಲಿ ಸಾಮಾನ್ಯವಾಗಿ ಹೇಳುವ 9 ಇಂಚಿನ ಟಿನ್ ಒಳಗಡೆ 23 ಸೆಂ.ಮೀ. ಇರುತ್ತದೆ. ಹೊರಗಿನ ಅಂಚು ಸೇರಿದರೆ 25-26 ಸೆಂ.ಮೀ. ಆಗುತ್ತದೆ. ಸುತ್ತಲೂ ಬಿಸಿಗಾಳಿ ಓಡಾಡಲು ಎರಡು ಸೆಂ.ಮೀ.ನಷ್ಟಾದರೂ ಜಾಗ ಬೇಕು. ಅಂದರೆ ಅಗಲ, ಆಳ ಎರಡೂ 30 ಸೆಂ.ಮೀ. ಇದ್ದರೆ ಮಾತ್ರ 9 ಇಂಚಿನ ಟಿನ್. ಇಲ್ಲದಿದ್ದರೆ 7 ಇಂಚು.

ಓವನ್ ಡಬ್ಬದ ಮೇಲಿನ ಲೀಟರ್ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ. ಚಿಕ್ಕ ಓವನ್‌ಗಳಲ್ಲಿ ಅಗಲ ಸಾಕಷ್ಟಿದ್ದು ಆಳ ಕಡಿಮೆ ಇರುವುದುಂಟು. ಬಾಗಿಲು ಮುಚ್ಚಿದಾಗ ಟಿನ್ ಗಾಜಿಗೆ ತಾಗುವುದು ಅಲ್ಲೇ.

ಓಟಿಜಿ ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಪೆಟ್ಟಿಗೆ. ಅದರಲ್ಲಿ ಮೇಲೂ ಕೆಳಗೂ ಕಾಯುವ ಸರಳುಗಳಿರುತ್ತವೆ. ಪೈಗೆ ಮುಖ್ಯ ಕೆಳಗಿನ ಸರಳು. ಹೊಸದಾಗಿ ಕೊಳ್ಳುವವರು ಮೂರು ವಿಷಯ ನೋಡಿ. ಮೇಲಿನ ಸರಳು, ಕೆಳಗಿನ ಸರಳನ್ನು ಬೇರೆ ಬೇರೆಯಾಗಿ ಹಚ್ಚಲು ಬರಬೇಕು. ಶಾಖ 230 ಡಿಗ್ರಿವರೆಗಾದರೂ ಹೋಗಬೇಕು. ಟೈಮರ್ 60 ನಿಮಿಷಕ್ಕಿಂತ ಕಡಿಮೆ ಇರಬಾರದು, ಯಾಕೆಂದರೆ ಸೇಬಿನ ಪೈ ಒಂದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಒಳಗೆ ದೀಪ, ಫ್ಯಾನ್, ಕೋಳಿ ತಿರುಗಿಸುವ ಕಂಬಿ ಇವೆಲ್ಲ ಇದ್ದರೆ ಇರಲಿ, ಅದಕ್ಕೆಂದು ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಇನ್ನು ಮೈಕ್ರೋವೇವ್ ಪ್ರಶ್ನೆ. ಬರೀ ಬಿಸಿ ಮಾಡುವ ಸಾದಾ ಮೈಕ್ರೋವೇವ್‌ನಲ್ಲಿ ಪೈ ಆಗುವುದಿಲ್ಲ. ಕಣಕ ಗರಿಯಾಗಲು ಒಣ ಶಾಖ ಬೇಕು, ಅದು ಅಲ್ಲಿಲ್ಲ. ಕನ್ವೆಕ್ಷನ್ ಇರುವ ಮೈಕ್ರೋವೇವ್‌ನಲ್ಲಿ ಆಗುತ್ತದೆ. ಕನ್ವೆಕ್ಷನ್ ಅಂದರೆ ಫ್ಯಾನ್ ಬಿಸಿಗಾಳಿಯನ್ನು ಒಳಗೆಲ್ಲ ಸುತ್ತಿಸುವುದು. ಆದರೆ ಸಾಮಾನ್ಯವಾಗಿ ಅದರಲ್ಲಿ ಕೆಳಗೆ ಸರಳು ಇರುವುದಿಲ್ಲ. ತಳ ಬೇಯಲು ಹತ್ತು ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಅದರ ಜೊತೆ ಬಂದ ಗಿಡ್ಡ ಸ್ಟ್ಯಾಂಡ್ ಮೇಲೆ ಟಿನ್ ಇಡಿ, ನೇರ ಗಾಜಿನ ತಟ್ಟೆಯ ಮೇಲೆ ಬೇಡ.

ಎಚ್ಚರಿಕೆ: ಲೋಹದ ಟಿನ್ ಕನ್ವೆಕ್ಷನ್‌ನಲ್ಲಿ ಮಾತ್ರ. ಮೈಕ್ರೋವೇವ್ ಮೋಡ್‌ನಲ್ಲಿ ಅಥವಾ ಎರಡೂ ಸೇರಿದ ಮೋಡ್‌ನಲ್ಲಿ ಇಟ್ಟರೆ ಕಿಡಿ ಹಾರಬಹುದು. ಬಟನ್ ಒತ್ತುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ.

ಕರೆಂಟ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಓವನ್ ಹಿಂದೆ ಅಂಟಿಸಿರುವ ಚೀಟಿಯಲ್ಲಿ ವ್ಯಾಟ್ ಎಷ್ಟಿದೆ ನೋಡಿ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ 6 ಆಂಪಿಯರ್‌ನದ್ದು. 230 ವೋಲ್ಟ್ ಲೆಕ್ಕದಲ್ಲಿ ಅದು ತಡೆಯುವುದು 1380 ವ್ಯಾಟ್ ಮಾತ್ರ. ಅದಕ್ಕಿಂತ ಹೆಚ್ಚಿನ ಓವನ್‌ಗೆ ಗೀಸರ್‌ಗೆ ಇರುವಂಥ 16 ಆಂಪಿಯರ್ ದಪ್ಪ ಪ್ಲಗ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಮನೆಯ ಸಾಮಾನ್ಯ ಯುಪಿಎಸ್ ಈ ಭಾರ ಎಳೆಯುವುದಿಲ್ಲ. ನಡುವೆ ಕರೆಂಟ್ ಹೋದರೆ ಬಾಗಿಲು ತೆರೆಯದೆ ಹಾಗೇ ಬಿಡಿ. ಹತ್ತು ನಿಮಿಷದೊಳಗೆ ಬಂದರೆ ಪೈ ಉಳಿಯುತ್ತದೆ.

2. ಟಿನ್: ಇಲ್ಲಿ ಸಮಯ ಕೊಡಿ

ಅಂಗಡಿಯಲ್ಲಿ ಪೈ ಟಿನ್ ಕೇಳಿದರೆ ಮೂರು ಬಗೆಯ ಪಾತ್ರೆ ಮುಂದಿಡುತ್ತಾರೆ. ಕೇಕ್ ಟಿನ್ನಿನ ಗೋಡೆ ನೆಟ್ಟಗೆ, ಎತ್ತರವಾಗಿರುತ್ತದೆ. ಅದರಲ್ಲಿ ಕಣಕ ಗೋಡೆಯಿಂದ ಜಾರಿ ಕೆಳಗೆ ಕೂರುತ್ತದೆ, ಹೋಳು ಎತ್ತುವುದೂ ಕಷ್ಟ. ಟಾರ್ಟ್ ಟಿನ್ನಿನ ಗೋಡೆ ಗಿಡ್ಡ, ಅಲೆ ಅಲೆಯಾಗಿರುತ್ತದೆ. ಬಹಳಷ್ಟರಲ್ಲಿ ತಳ ಬಿಡಿಯಾಗಿ ಹೊರಬರುತ್ತದೆ. ನೋಡಲು ಚೆಂದ, ಆದರೆ ಹಣ್ಣಿನ ರಸ ಆ ಸಂದಿಯಿಂದ ಸೋರುತ್ತದೆ. ಪೈ ಟಿನ್ ಅಂದರೆ ಗೋಡೆ ಹೊರಕ್ಕೆ ವಾಲಿರಬೇಕು, ಮೇಲೆ ಬೆರಳಗಲದ ಚಪ್ಪಟೆ ಅಂಚಿರಬೇಕು. ಆ ಅಂಚಿನ ಮೇಲೆಯೇ ಕಣಕವನ್ನು ಒತ್ತಿ ಮಡಿಸುವುದು. ಅಂಚಿಲ್ಲದ ಟಿನ್ ತಂದರೆ ಬೇಯುವಾಗ ಕಣಕ ಒಳಕ್ಕೆ ಎಳೆದುಕೊಂಡು ಹೂರಣ ಹೊರಬರುತ್ತದೆ.

ಯಾವ ಲೋಹ, ಯಾವ ಗಾಜು? ನನ್ನ ಉತ್ತರ ಸ್ಪಷ್ಟ. ಮೊದಲ ಟಿನ್ ಅಲ್ಯೂಮಿನಿಯಂನದ್ದಾಗಲಿ. ಕೋಟಿಂಗ್ ಇಲ್ಲದ್ದು, ಎರಡು ಕೈಯಲ್ಲಿ ಹಿಡಿದು ತಿರುಚಿದರೆ ಬಗ್ಗದಷ್ಟು ದಪ್ಪಗಿರುವುದು. ಅಲ್ಯೂಮಿನಿಯಂ ಶಾಖವನ್ನು ಬೇಗ ಎಳೆದುಕೊಂಡು ತಳಕ್ಕೆಲ್ಲ ಸಮನಾಗಿ ಹರಡುತ್ತದೆ. ಫಳಫಳ ಹೊಳೆಯುವುದಕ್ಕಿಂತ ಮಾಸಲು ಬೂದು ಬಣ್ಣದ್ದು ಇನ್ನೂ ಒಳ್ಳೆಯದು, ಅದು ಶಾಖವನ್ನು ಹೆಚ್ಚು ಹೀರಿಕೊಳ್ಳುತ್ತದೆ.

"ಗಾಜಿನ ಪೈ ಡಿಶ್ ಒಳ್ಳೇದಲ್ವಾ, ತಳ ಬೆಂದಿದೆಯಾ ಅಂತ ಕಾಣುತ್ತದಲ್ಲ?" ಅಂತ ತುಂಬಾ ಜನ ಕೇಳುತ್ತಾರೆ. ಹೌದು, ಆ ಅನುಕೂಲ ದೊಡ್ಡದೇ. ಬೆಂದ ಪೈಯನ್ನು ಎತ್ತಿ ಕೆಳಗಿನಿಂದ ನೋಡಿದರೆ ಬಿಳಿ ಹೋಗಿ ಬಿಸ್ಕತ್ತಿನ ಬಣ್ಣ ಬಂದಿರುವುದು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಮ್ಮ ಹವೆಗೆ ಒಂದು ತೊಡಕಿದೆ. ಇಲ್ಲಿನ ಸೆಕೆಗೆ ಟಿನ್ನಿಗೆ ಹಾಸಿದ ಕಣಕವನ್ನು ಫ್ರೀಜರ್‌ನಲ್ಲಿ 15 ನಿಮಿಷ ಇಟ್ಟು ನೇರ ಬಿಸಿ ಓವನ್‌ಗೆ ಹಾಕಬೇಕಾಗುತ್ತದೆ. ಗಾಜನ್ನು ಹಾಗೆ ಫ್ರೀಜರ್‌ನಿಂದ 200 ಡಿಗ್ರಿಗೆ ತಳ್ಳಿದರೆ ಒಡೆಯಬಹುದು. ಓವನ್‌ಗೆ ಆಗುತ್ತದೆ ಅಂತ ಬರೆದಿರುವ ಗಾಜೂ ಇದಕ್ಕೆ ಹೊರತಲ್ಲ. ಬಿಸಿ ಗಾಜನ್ನು ಒದ್ದೆ ಗ್ರಾನೈಟ್ ಮೇಲೆ ಇಟ್ಟರೂ ಅದೇ ಗತಿ. ಲೋಹಕ್ಕೆ ಈ ಚಿಂತೆ ಇಲ್ಲ. ಕೈ ಪಳಗಿದ ಮೇಲೆ ಗಾಜಿಗೆ ಹೋಗಿ.

ಪಿಂಗಾಣಿಯದ್ದು ಮೇಜಿನ ಮೇಲೆ ಸುಂದರ, ಆದರೆ ನಿಧಾನಕ್ಕೆ ಕಾಯುತ್ತದೆ. ಹೊಸಬರ ಹಸಿ ತಳಕ್ಕೆ ಅದೂ ಒಂದು ಕಾರಣ. ನಾನ್‌ಸ್ಟಿಕ್ ಪೈಗೆ ಬೇಕಿಲ್ಲ. ಕಣಕದಲ್ಲಿರುವ ಬೆಣ್ಣೆಯೇ ಅಂಟದ ಹಾಗೆ ನೋಡಿಕೊಳ್ಳುತ್ತದೆ, ಅದರ ಮೇಲೆ ಪೈ ಕತ್ತರಿಸುವಾಗ ಚಾಕು ಕೋಟಿಂಗ್ ಕೆರೆಯುತ್ತದೆ. ಸ್ಟೀಲ್ ತಟ್ಟೆಯಲ್ಲಿ ಮಾಡಬಹುದೇ ಅಂದರೆ, ಇಳಿಜಾರು ಅಂಚಿನ ಊಟದ ತಟ್ಟೆಯಲ್ಲಿ ಒಂದು ಸಲ ಪ್ರಯತ್ನಿಸಬಹುದು. ಸ್ಟೀಲ್ ಶಾಖವನ್ನು ಅಷ್ಟು ಚೆನ್ನಾಗಿ ಹರಡುವುದಿಲ್ಲ, ಅಲ್ಲಲ್ಲಿ ಬಣ್ಣ ಹೆಚ್ಚುಕಡಿಮೆ ಆಗುತ್ತದೆ. ಪೈ ಮಾಡುವ ಹುಮ್ಮಸ್ಸು ಉಳಿಯುತ್ತದೋ ಇಲ್ಲವೋ ಎಂಬ ಅನುಮಾನ ಇದ್ದವರು ಒಮ್ಮೆ ಬಳಸಿ ಎಸೆಯುವ ಫಾಯಿಲ್ ಟಿನ್ನಿನಲ್ಲಿ ಶುರುಮಾಡಲಿ. ಎತ್ತುವಾಗ ಅದು ಬಗ್ಗುತ್ತದೆ, ಕೆಳಗೆ ಟ್ರೇ ಇರಲೇಬೇಕು.

ಈಗ ಅಳತೆ. ಟಿನ್ನಿನ ಒಳಗಿನ ಬಾಯಿಯನ್ನು ಈ ಅಂಚಿನಿಂದ ಆ ಅಂಚಿಗೆ ಅಳೆಯಬೇಕು. ಕೆಲವರು ಹೊರ ಅಂಚು ಸೇರಿಸಿ ಲೇಬಲ್ ಹಚ್ಚುತ್ತಾರೆ. ನಾನು ಹಾಗೆ "9 ಇಂಚು" ಅಂತ ತಂದ ಟಿನ್ ಮನೆಯಲ್ಲಿ ಅಳೆದರೆ 8 ಇಂಚಿತ್ತು. ಸುಲಭದ ಪರೀಕ್ಷೆ ನೀರು. ಸಾಮಾನ್ಯ ಆಳದ 9 ಇಂಚಿನ ಪೈ ಟಿನ್ ಬಾಯಿತುಂಬ ಸುಮಾರು ಒಂದು ಲೀಟರ್ ನೀರು ಹಿಡಿಯುತ್ತದೆ. ಅದಕ್ಕಿಂತ ಬಹಳ ಹೆಚ್ಚು ಹಿಡಿದರೆ ಅದು ಆಳದ ಟಿನ್, ಹೂರಣವೂ ಹೆಚ್ಚು ಬೇಕು, ಸಮಯವೂ ಹೆಚ್ಚು ಬೇಕು.

7 ಇಂಚಿನ ಟಿನ್ ಇದ್ದವರು 9 ಇಂಚಿನ ಪಾಕವಿಧಾನವನ್ನು ಹೇಗೆ ಇಳಿಸಬೇಕು ಎಂಬುದೂ ಪದೇ ಪದೇ ಬರುವ ಪ್ರಶ್ನೆ. ಇಂಚನ್ನು ಅದೇ ಇಂಚಿನಿಂದ ಗುಣಿಸಿ. 7 ಏಳಲ 49. 9 ಒಂಬತ್ತಲ 81. ಅಂದರೆ 7 ಇಂಚಿನದ್ದಕ್ಕೆ ಬೇಕಾದ್ದು ನೂರಕ್ಕೆ ಅರವತ್ತು ಪಾಲು. 8 ಇಂಚಿಗೆ ಎಂಬತ್ತು ಪಾಲು. ಮೇಲೆ ಕೆಳಗೆ ಎರಡೂ ಪದರ ಇರುವ 9 ಇಂಚಿನ ಪೈಗೆ 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ, 100 ಗ್ರಾಂ ತಣ್ಣೀರು ಹಾಕುತ್ತೇವೆ. ಮೂರು-ಎರಡು-ಒಂದು ಎಂಬ ಹಳೆಯ ಲೆಕ್ಕ ಇದು. 7 ಇಂಚಿಗೆ ಅದು 180, 120, 60 ಗ್ರಾಂ ಆಗುತ್ತದೆ.

ನಿಂಬೆ, ಅನಾನಸ್, ಹುಳಿ ಮಾವಿನಂಥ ಹೂರಣ ಹಾಕಿದ ಪೈಯನ್ನು ಕೋಟಿಂಗ್ ಇಲ್ಲದ ಅಲ್ಯೂಮಿನಿಯಂನಲ್ಲಿ ರಾತ್ರಿಯಿಡೀ ಬಿಡಬೇಡಿ. ಹುಳಿಗೂ ಅಲ್ಯೂಮಿನಿಯಂಗೂ ಆಗಿಬರುವುದಿಲ್ಲ. ಉಳಿದದ್ದನ್ನು ಸ್ಟೀಲ್ ಡಬ್ಬಿಗೆ ಹಾಕಿಡಿ.

3. ತೂಕದ ಯಂತ್ರ

ಟಿನ್ ಆದ ಮೇಲೆ ಮುಂದಿನ ದುಡ್ಡು ಇದಕ್ಕೆ. ಕಪ್ ಅಳತೆಯಲ್ಲಿ ಪೈ ಕಲಿಯುವುದು ಕಷ್ಟ. ಮೈದಾವನ್ನು ಚಮಚದಲ್ಲಿ ಉದುರಿಸಿ ತುಂಬಿದರೆ ಒಂದು ಕಪ್‌ಗೆ 120 ಗ್ರಾಂ ಆಗುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಮುಟ್ಟುತ್ತದೆ. ಎರಡೂವರೆ ಕಪ್‌ಗೆ 75 ಗ್ರಾಂ ವ್ಯತ್ಯಾಸ. ಅಷ್ಟು ಮೈದಾ ಜಾಸ್ತಿಯಾದರೆ ನೀರೂ ಜಾಸ್ತಿ ಬೇಕು, ಆಗ ಕಣಕ ಗಟ್ಟಿಯಾಗುತ್ತದೆ.

ಒಂದು ಗ್ರಾಂವರೆಗೆ ತೋರಿಸುವ, 5 ಕಿಲೋ ತೂಗುವ ಅಡುಗೆಮನೆ ತೂಕದ ಯಂತ್ರ ಸಾಕು. ಅದರಲ್ಲಿ ಟೇರ್ ಬಟನ್ ಇರಬೇಕು. ಟೇರ್ ಅಂದರೆ ಪಾತ್ರೆ ಇಟ್ಟು ಒತ್ತಿದರೆ ಅದರ ತೂಕ ಕಳೆದು ಸೊನ್ನೆಗೆ ಬರುವುದು. ಒಂದೇ ಬೋಗುಣಿಯಲ್ಲಿ ಮೈದಾ, ಬೆಣ್ಣೆ ಎರಡನ್ನೂ ತೂಗಬಹುದು, ತೊಳೆಯುವ ಪಾತ್ರೆಯೂ ಕಡಿಮೆ. ಕೊಂಡ ದಿನವೇ ಒಡೆಯದ 500 ಗ್ರಾಂ ಬೆಣ್ಣೆ ಪ್ಯಾಕ್ ಇಟ್ಟು ನೋಡಿ. ಹೊದಿಕೆಯ ತೂಕ ಸೇರಿ 500ಕ್ಕಿಂತ ತುಸು ಮೇಲೆ ತೋರಿಸಬೇಕು. 480 ತೋರಿಸಿದರೆ ವಾಪಸ್ ಕೊಡಿ.

4. ಓವನ್ ಥರ್ಮಾಮೀಟರ್

ಇದು ಬೇಕೇ ಅಂತ ಎಲ್ಲರೂ ಹಿಂಜರಿಯುತ್ತಾರೆ. ಬೇಕು. ಓವನ್‌ನ ಗುಂಡಿಯನ್ನು 200ಕ್ಕೆ ತಿರುಗಿಸಿದ ಮಾತ್ರಕ್ಕೆ ಒಳಗೆ 200 ಡಿಗ್ರಿ ಇರುತ್ತದೆ ಅಂತಿಲ್ಲ. ನನ್ನ ಓಟಿಜಿಯಲ್ಲಿ 200ಕ್ಕೆ ಇಟ್ಟರೆ ಒಳಗೆ 175 ಇರುತ್ತದೆ. 175ರಲ್ಲಿ ಇಟ್ಟ ಪೈಯ ಬೆಣ್ಣೆ, ಕಣಕ ಗಟ್ಟಿಯಾಗುವ ಮೊದಲೇ ಕರಗಿ ಟಿನ್ನಿಗೆ ಇಳಿಯುತ್ತದೆ. ತಪ್ಪು ನಮ್ಮ ಕೈಯದ್ದು ಅಂದುಕೊಂಡು ಎಷ್ಟೋ ಜನ ಪೈ ಮಾಡುವುದನ್ನೇ ಬಿಟ್ಟಿದ್ದಾರೆ. ಅದು ನನಗೆ ಬೇಸರದ ವಿಷಯ.

ಕೊಳ್ಳಬೇಕಾದದ್ದು ಓವನ್ ಒಳಗೇ ಇಡುವ, ಮುಳ್ಳಿರುವ ಸಣ್ಣ ಗಡಿಯಾರದಂಥದ್ದು. ಮಾಂಸಕ್ಕೆ ಚುಚ್ಚಿ ನೋಡುವ ಡಿಜಿಟಲ್ ಕಡ್ಡಿ ಬೇರೆ, ಅದನ್ನು ತರಬೇಡಿ. ಪೈ ಇಡುವ ಎತ್ತರದಲ್ಲೇ ಜಾಲರಿಯ ಮೇಲೆ ಇಟ್ಟು, ಓವನ್ ಹಚ್ಚಿ, 20 ನಿಮಿಷ ಬಿಟ್ಟು ಗಾಜಿನ ಮೂಲಕ ಓದಿ. ಗುಂಡಿಯ 180, 200, 220 ಮೂರಕ್ಕೂ ಒಳಗೆ ಎಷ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದು ಓವನ್ ಪಕ್ಕದ ಗೋಡೆಗೆ ಅಂಟಿಸಿ. ಆಮೇಲೆ ಯಾವ ಪಾಕವಿಧಾನ ನೋಡಿದರೂ ಗೊಂದಲ ಇಲ್ಲ.

5. ಲಟ್ಟಿಸಲು: ಲಟ್ಟಣಿಗೆ ಸಾಕು, ಮಣೆ ಸಾಲದು

ನಿಮ್ಮ ಚಪಾತಿ ಲಟ್ಟಣಿಗೆ ಚೆನ್ನಾಗಿಯೇ ಇದೆ. ನಡುವೆ ದಪ್ಪ, ತುದಿಗೆ ಸಣ್ಣಗಿರುವುದು ದುಂಡಗೆ ಲಟ್ಟಿಸಲು ಹೇಳಿ ಮಾಡಿಸಿದ ಹಾಗಿದೆ. ಹಿಡಿ ತಿರುಗುವ ದಪ್ಪ ಬೇಕರಿ ಲಟ್ಟಣಿಗೆ ಈಗಲೇ ಬೇಡ.

ಆದರೆ ಚಪಾತಿ ಮಣೆ ಚಿಕ್ಕದಾಗುತ್ತದೆ. 9 ಇಂಚಿನ ಟಿನ್ನಿಗೆ ತಳ, ಗೋಡೆ, ಅಂಚು ಎಲ್ಲ ಸೇರಿ 30 ಸೆಂ.ಮೀ.ಗಿಂತ ಕಡಿಮೆ ಇಲ್ಲದ ಹಾಳೆ ಬೇಕು. 7 ಇಂಚಿಗೆ 25 ಸೆಂ.ಮೀ. ಹಾಗಾಗಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆಯೇ ಲಟ್ಟಿಸಿ. ಬೇರೆ ದೇಶಗಳಲ್ಲಿ ಇದಕ್ಕೆಂದೇ ದುಡ್ಡು ಕೊಟ್ಟು ಅಮೃತಶಿಲೆಯ ಹಲಗೆ ಕೊಳ್ಳುತ್ತಾರೆ. ನಮ್ಮಲ್ಲಿ ಮನೆ ಮನೆಯಲ್ಲೂ ಕಲ್ಲಿನ ಕಟ್ಟೆ ಇದೆ. ಕಲ್ಲು ಹಿಟ್ಟಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಬೆಣ್ಣೆ ಗಟ್ಟಿಯಾಗಿ ಉಳಿಯುತ್ತದೆ. ಬೇಸಿಗೆಯಲ್ಲಿ ದೊಡ್ಡ ಸ್ಟೀಲ್ ತಟ್ಟೆಗೆ ಐಸ್ ತುಂಬಿ ಆ ಜಾಗದ ಮೇಲೆ ಹತ್ತು ನಿಮಿಷ ಇಡಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಮೈದಾ ಉದುರಿಸಿ. ಒಂದು ಮಾತು, ಬೆಳ್ಳುಳ್ಳಿ ಜಜ್ಜಿದ ಜಾಗ ಬೇಡ. ಬೆಣ್ಣೆ ವಾಸನೆಯನ್ನು ಬೇಗ ಹಿಡಿಯುತ್ತದೆ.

ದಪ್ಪ ಎಷ್ಟು? ಸುಮಾರು 3 ಮಿ.ಮೀ. ಎರಡು ಹತ್ತು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟು. ಚಪಾತಿಯ ಹಾಗೆ ಒತ್ತಿ ಒತ್ತಿ ತಿರುಗಿಸಬೇಡಿ. ನಡುವಿನಿಂದ ಹೊರಕ್ಕೆ ಒಮ್ಮೆ ಲಟ್ಟಿಸಿ, ಹಾಳೆಯನ್ನು ಕಾಲುಭಾಗ ತಿರುಗಿಸಿ, ಮತ್ತೆ ನಡುವಿನಿಂದ ಹೊರಕ್ಕೆ. ಎತ್ತುವಾಗ ಲಟ್ಟಣಿಗೆಗೆ ಸಡಿಲವಾಗಿ ಸುತ್ತಿಕೊಂಡು ಟಿನ್ನಿನ ಮೇಲೆ ಬಿಚ್ಚಿ. ಎಳೆದು ಹಾಸಿದರೆ ಬೇಯುವಾಗ ಅದೇ ಅಳತೆಗೆ ಕುಗ್ಗುತ್ತದೆ.

6. ಬೆಣ್ಣೆಯನ್ನು ಮೈದಾಕ್ಕೆ ಸೇರಿಸುವ ಸಾಮಾನು

ಇಂಗ್ಲಿಷ್ ಪಾಕವಿಧಾನಗಳಲ್ಲಿ ಪೇಸ್ಟ್ರಿ ಬ್ಲೆಂಡರ್ ಅಂತ ಓದಿರುತ್ತೀರಿ. ಒಂದು ಹಿಡಿಗೆ ಬಾಗಿದ ತಂತಿಗಳನ್ನು ಕಟ್ಟಿರುವ ಸಾಧನ ಅದು, ಬೆಣ್ಣೆಯನ್ನು ಮೈದಾದೊಳಗೆ ಸಣ್ಣ ಚೂರಾಗಿ ಕತ್ತರಿಸಲು. ಅದಿಲ್ಲದೆಯೂ ಆಗುತ್ತದೆ. ಆದರೆ ಬೆಣ್ಣೆ ತಣ್ಣಗಿಲ್ಲದೆ ಆಗುವುದಿಲ್ಲ.

ಬೆಣ್ಣೆ 32-35 ಡಿಗ್ರಿಯಲ್ಲಿ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಬಹಳ ಮೊದಲು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನವೇ 34ರ ಹತ್ತಿರ ಇರುತ್ತದೆ. ಕಲಬುರಗಿ, ರಾಯಚೂರಿನಲ್ಲಿ 40 ದಾಟುತ್ತದೆ. ನಮ್ಮ ಬೆರಳೂ ಬೆಚ್ಚಗಿರುತ್ತದೆ. ಹಾಗಾಗಿ ನಾನು ಹೇಳುವ ಸಾಧನ ತುರಿಯುವ ಮಣೆ. ಬೆಣ್ಣೆಯನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ದೊಡ್ಡ ತೂತಿನ ಕಡೆ ನೇರ ಮೈದಾದ ಮೇಲೆಯೇ ತುರಿಯಿರಿ. ಹಿಡಿಯುವ ತುದಿಗೆ ಅದರದ್ದೇ ಕಾಗದ ಬಿಟ್ಟಿರಿ, ಕೈ ಬಿಸಿ ತಾಗುವುದಿಲ್ಲ. ತುರಿದದ್ದನ್ನು ಫೋರ್ಕ್‌ನಲ್ಲಿ ಕೆದಕಿ ಬೆರೆಸಿ. ಅಗಲವಾದ ಸ್ಟೀಲ್ ಬೋಗುಣಿಯನ್ನೂ ಮೈದಾ ಸಮೇತ ಮೊದಲೇ ಫ್ರಿಜ್‌ನಲ್ಲಿಟ್ಟಿದ್ದರೆ ಇನ್ನೂ ನಿರಾಳ.

ಹದ ಹೇಗಿರಬೇಕು ಅಂತ ಹತ್ತಿರದಿಂದ ಹೇಳುತ್ತೇನೆ. ಮೈದಾ ಒರಟು ರವೆಯ ಹಾಗೆ ಕಾಣಬೇಕು. ಅದರ ನಡುವೆ ಕಡಲೆಬೇಳೆಯಷ್ಟು, ಅಲ್ಲೊಂದು ಇಲ್ಲೊಂದು ಅವರೆಕಾಳಿನಷ್ಟು ಬೆಣ್ಣೆಯ ತುಣುಕು ಬಿಳಿಯಾಗಿ ಉಳಿದಿರಬೇಕು. ಹಿಡಿ ತೆಗೆದು ಅಮುಕಿದರೆ ಒಂದು ಕ್ಷಣ ನಿಂತು, ಬೆರಳು ತಾಗಿದರೆ ಉದುರಬೇಕು. ಲಟ್ಟಿಸಿದಾಗ ಆ ತುಣುಕುಗಳು ಚಪ್ಪಟೆಯಾಗಿ ಹಾಳೆಯ ಮೇಲೆ ಹಳದಿ ಮಚ್ಚೆಗಳಂತೆ ಕಾಣುತ್ತವೆ. ಓವನ್‌ನಲ್ಲಿ ಆ ಬೆಣ್ಣೆಯ ನೀರಿನಂಶ ಆವಿಯಾಗಿ ಪದರವನ್ನು ಮೇಲೆತ್ತುತ್ತದೆ. ಬೇಕರಿ ಪಫ್ಸ್ ಎಸಳೆಸಳಾಗಿ ಬಿಡಿಸಿಕೊಳ್ಳುವುದೂ ಹೀಗೆಯೇ, ಅಲ್ಲಿ ಪದರ ಇನ್ನೂ ಜಾಸ್ತಿ. ಎಲ್ಲ ಬೆಣ್ಣೆಯೂ ಕರಗಿ ಮೈದಾ ಹಳದಿ ಮರಳಿನಂತಾಯಿತೋ, ಎಸಳು ಬರುವುದಿಲ್ಲ.

ಮಿಕ್ಸಿಯಲ್ಲಿ ಮಾಡಬಹುದು. ದೊಡ್ಡ ಒಣ ಜಾರ್‌ನಲ್ಲಿ ಬೆಣ್ಣೆಯ ಗಟ್ಟಿ ತುಂಡುಗಳನ್ನು ಮೈದಾ ಜೊತೆ ಹಾಕಿ, ಗುಂಡಿಯನ್ನು ಪಲ್ಸ್‌ಗೆ ತಿರುಗಿಸಿ ತಕ್ಷಣ ಬಿಡಿ. ಹೀಗೆ ನಾಲ್ಕೈದು ಸಲ ಅಷ್ಟೇ. ನೀರನ್ನು ಮಿಕ್ಸಿಯಲ್ಲಿ ಹಾಕಬೇಡಿ. ಬೋಗುಣಿಗೆ ಸುರಿದುಕೊಂಡು ಐಸ್ ನೀರನ್ನು ಚಮಚ ಚಮಚವಾಗಿ ಹಾಕಿ.

ತುಪ್ಪ ಹಾಕಬಹುದೇ? ತುಪ್ಪದಲ್ಲಿ ನೀರಿನಂಶವೇ ಇಲ್ಲ, ಹಾಗಾಗಿ ಎಸಳು ಏಳುವುದಿಲ್ಲ. ರುಚಿಯಾದ, ಬಿಸ್ಕತ್ತಿನಂತೆ ಉದುರುವ ಕಣಕ ಬರುತ್ತದೆ, ಆದರೆ ಅದು ಬೇರೆಯೇ ತಿಂಡಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಎಷ್ಟಿರುತ್ತದೆ ಎಂಬುದು ಒಂದೊಂದು ಸಲ ಒಂದೊಂದು ಥರ. ಮೊದಲ ಕೆಲವು ಪೈಗಳಿಗೆ ಪ್ಯಾಕೆಟ್ ಬೆಣ್ಣೆಯೇ ಇರಲಿ. ಉಪ್ಪಿರುವ ಬೆಣ್ಣೆಯಾದರೆ ಕಣಕಕ್ಕೆ ಬೇರೆ ಉಪ್ಪು ಬೇಡ.

7. ಖಾಲಿ ಬೇಯಿಸಲು ಕಾಳು, ಕಾಗದ

ಕಸ್ಟರ್ಡ್, ಚಾಕೊಲೇಟ್‌ನಂಥ ತೆಳು ಹೂರಣದ ಪೈಗೆ ಮೊದಲು ಕಣಕವನ್ನಷ್ಟೇ ಬೇಯಿಸಿಕೊಳ್ಳಬೇಕು. ಇದಕ್ಕೆ ಬ್ಲೈಂಡ್ ಬೇಕಿಂಗ್ ಅನ್ನುತ್ತಾರೆ. ಸುಮ್ನೆ ಬೇಯಿಸಿದರೆ ತಳ ಪೂರಿಯ ಹಾಗೆ ಉಬ್ಬುತ್ತದೆ, ಗೋಡೆ ಕುಸಿಯುತ್ತದೆ. ಅದಕ್ಕೆ ಕಾಗದ ಹಾಸಿ ಭಾರ ತುಂಬುತ್ತಾರೆ. ಪಿಂಗಾಣಿಯ ಪುಟ್ಟ ಗುಂಡುಗಳ ಪೈ ವೇಟ್ ಸಿಗುತ್ತದೆ, ಕೊಳ್ಳಬೇಡಿ. ರಾಜ್ಮಾ ಅಥವಾ ಕಡಲೆಕಾಳು ಸಾಕು. 9 ಇಂಚಿಗೆ ಮುಕ್ಕಾಲು ಕಿಲೋ. ಅಂಚಿನ ಮಟ್ಟಕ್ಕೆ ತುಂಬಬೇಕು. ತಳಕ್ಕೆ ಒಂದು ಹಿಡಿ ಹರಡಿದರೆ ಗೋಡೆಗೆ ಆಸರೆ ಇರುವುದಿಲ್ಲ. ಈ ಕಾಳನ್ನು ಮತ್ತೆ ಬೇಯಿಸಿ ತಿನ್ನಲು ಬರುವುದಿಲ್ಲ. ಆರಿಸಿ, ಡಬ್ಬಿಗೆ ಹಾಕಿ, "ಪೈ ಕಾಳು" ಅಂತ ಚೀಟಿ ಹಚ್ಚಿಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ನೆನೆಹಾಕಿಬಿಡುತ್ತಾರೆ.

ಕಾಗದದ ವಿಷಯದಲ್ಲಿ ಮೋಸ ಹೋಗಬೇಡಿ. ನಮ್ಮಲ್ಲಿ ಬಟರ್ ಪೇಪರ್ ಎಂಬ ಹೆಸರಿನಲ್ಲಿ ಬೇರೆ ಬೇರೆ ಕಾಗದ ಮಾರುತ್ತಾರೆ. ಕೆಲವು ಬರೀ ತಿಂಡಿ ಸುತ್ತುವಂಥವು, ಕಣಕಕ್ಕೆ ಅಂಟುತ್ತವೆ. ಮೇಣದ ಕಾಗದವಾದರೆ ಓವನ್‌ನಲ್ಲಿ ಮೇಣ ಕರಗಿ ಹೊಗೆ ಬರುತ್ತದೆ. ಸಿಲಿಕಾನ್ ಲೇಪ ಇರುವ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿರುವ ಬೇಕಿಂಗ್ ಪೇಪರ್ ಕೇಳಿ. 220 ಡಿಗ್ರಿ ಅಂತಿದ್ದರೆ ಸರಿ. ಟಿನ್ನಿಗೆ ಹಾಸುವ ಮುಂಚೆ ಕೈಯಲ್ಲಿ ಉಂಡೆ ಮಾಡಿ ಬಿಚ್ಚಿ, ಆಗ ಮೂಲೆಗೆ ಚೆನ್ನಾಗಿ ಕೂರುತ್ತದೆ.

8. ಚಿಲ್ಲರೆ ಸಾಮಾನು

ತಳಕ್ಕೆ ತೂತು ಹಾಕಲು ಫೋರ್ಕ್. ಅಂಚು ಕತ್ತರಿಸಲು ಚಾಕುವಿಗಿಂತ ಅಡುಗೆಮನೆ ಕತ್ತರಿ ಸಲೀಸು. ಪೈ ಮೇಲೆ ಜಾಲರಿ ಹೆಣೆಯಲು ಪಟ್ಟಿ ಬೇಕಾದರೆ, ಕರ್ಜಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಚಕ್ರ ಇದೆಯಲ್ಲ, ಅದೇ. ಮೇಲ್ಪದರಕ್ಕೆ ಹಾಲು ಸವರಲು ಸಣ್ಣ ಬ್ರಷ್. ಮೊಟ್ಟೆ ತಿನ್ನುವವರು ಮೊಟ್ಟೆ ಸವರಬಹುದು, ಹಾಲಿನಲ್ಲೂ ಬಣ್ಣ ಬರುತ್ತದೆ. ಅಂಚು ಬೇಗ ಕಪ್ಪಾಗುತ್ತಿದ್ದರೆ ಮುಚ್ಚಲು ಒಂದು ಪಟ್ಟಿ ಅಲ್ಯೂಮಿನಿಯಂ ಫಾಯಿಲ್. ಪೈ ಆರಲು ಕೆಳಗಿನಿಂದ ಗಾಳಿ ಆಡುವಂಥ ಜಾಲರಿ ಬೇಕು, ಓವನ್ ಜೊತೆ ಬಂದ ಜಾಲರಿಯನ್ನೇ ನಾಲ್ಕು ಬಟ್ಟಲ ಮೇಲೆ ಇಟ್ಟುಕೊಳ್ಳಿ.

ಇದರಲ್ಲಿ ನಾನು ಒತ್ತಿ ಹೇಳುವುದು ಒಂದನ್ನೇ, ಟ್ರೇ. ಓವನ್ ಜೊತೆ ಬಂದ ಟ್ರೇಯನ್ನು ಕೆಳಗಿನ ಹಂತದಲ್ಲಿಟ್ಟು ಓವನ್ ಕಾಯಿಸಿ. ಅದೂ ಕಾದಿರಬೇಕು. ತಣ್ಣನೆಯ ಪೈ ಟಿನ್ನನ್ನು ಆ ಬಿಸಿ ಟ್ರೇ ಮೇಲೆ ಇಟ್ಟ ಕೂಡಲೇ ತಳಕ್ಕೆ ಶಾಖ ಹತ್ತುತ್ತದೆ. ಉಕ್ಕಿದ ರಸವೂ ಸರಳಿನ ಮೇಲೆ ಬೀಳುವುದಿಲ್ಲ. ಲೋಹದ ಟಿನ್ನಿಗೆ ಮಾತ್ರ ಇದು, ಗಾಜಿಗಲ್ಲ.

9. ಸದ್ಯಕ್ಕೆ ಬೇಡದವು

ಸಿಲಿಕಾನ್‌ನ ಪೈ ಅಚ್ಚು ಬೇಡ, ಅದರಲ್ಲಿ ಕಣಕ ಸರಿಯಾಗಿ ಕೆಂಪಾಗುವುದಿಲ್ಲ. ಸ್ಟ್ಯಾಂಡ್ ಮಿಕ್ಸರ್ ಬೇಡ, ನಾದಬಾರದ ಹಿಟ್ಟಿಗೆ ನಾದುವ ಯಂತ್ರ ಯಾಕೆ? ಪುಟ್ಟ ಪುಟ್ಟ ಎಲೆ, ಹೂವಿನ ಕಟರ್‌ಗಳ ಸೆಟ್ ಕೈಬೀಸಿ ಕರೆಯುತ್ತದೆ, ಹತ್ತು ಪೈ ಆಗಲಿ, ಆಮೇಲೆ ನೋಡೋಣ. "28 ಸಾಮಾನುಗಳ ಬೇಕಿಂಗ್ ಸೆಟ್" ಎಂಬ ಡಬ್ಬಗಳನ್ನು ಮುಟ್ಟಲೇಬೇಡಿ. ಪೈಗೆ ಬೇಕಾದ ಟಿನ್ ಒಂದನ್ನು ಬಿಟ್ಟು ಉಳಿದೆಲ್ಲ ಅದರಲ್ಲಿರುತ್ತದೆ.

ದೊಡ್ಡ ಊರುಗಳಲ್ಲಿರುವವರು ಬೇಕರಿ ಸಾಮಾನಿನ ಅಂಗಡಿಗೆ ಒಮ್ಮೆ ಖುದ್ದು ಹೋಗಿ. ಬೆಂಗಳೂರಿನ ಚಿಕ್ಕಪೇಟೆ ಸುತ್ತಲಿನ ಪಾತ್ರೆ ಅಂಗಡಿಗಳಲ್ಲೂ ಕೇಳಬಹುದು. ಕೈಯಲ್ಲಿ ಟೇಪ್ ಇರಲಿ. ಟಿನ್ನಿನ ದಪ್ಪ, ಅಂಚಿನ ಅಗಲ ಫೋನಿನ ಫೋಟೋದಲ್ಲಿ ಗೊತ್ತಾಗುವುದಿಲ್ಲ.

10. ಹೂರಣ ಹಾಕುವ ಮುಂಚೆ ಒಂದು ಪರೀಕ್ಷೆ

ಸಾಮಾನು ಬಂದ ದಿನವೇ ಕಿಲೋ ಸೇಬು ಹೆಚ್ಚಬೇಡಿ. 7 ಇಂಚಿನ ಟಿನ್ ಆದರೆ 90 ಗ್ರಾಂ ಮೈದಾ, 60 ಗ್ರಾಂ ಬೆಣ್ಣೆ, 30 ಗ್ರಾಂ ಐಸ್ ನೀರಿನಲ್ಲಿ ಒಂದೇ ಪದರದ ಕಣಕ ಮಾಡಿ. ತಟ್ಟಿ ಬಿಲ್ಲೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಲಟ್ಟಿಸಿ ಟಿನ್ನಿಗೆ ಹಾಸಿ, ತಳಕ್ಕೆ ಫೋರ್ಕ್‌ನಿಂದ ಚುಚ್ಚಿ, 15 ನಿಮಿಷ ಫ್ರೀಜರ್‌ನಲ್ಲಿಡಿ. ಕಾಗದ, ಕಾಳು ತುಂಬಿ, ಥರ್ಮಾಮೀಟರ್ 200 ತೋರಿಸುತ್ತಿರುವ ಓವನ್‌ನಲ್ಲಿ ಬಿಸಿ ಟ್ರೇ ಮೇಲೆ 20 ನಿಮಿಷ. ಕಾಳು ತೆಗೆದು 180ರಲ್ಲಿ ಇನ್ನು 10-15 ನಿಮಿಷ.

ಹೊರತೆಗೆದು ಪೂರ್ತಿ ಆರಲು ಬಿಡಿ. ಆಮೇಲೆ ಟಿನ್ನಿನಿಂದ ಮೆಲ್ಲಗೆ ಎತ್ತಿ, ತಿರುಗಿಸಿ ತಳ ನೋಡಿ. ಇಡೀ ತಳ ಬಿಸ್ಕತ್ತಿನ ಬಣ್ಣಕ್ಕೆ ಬಂದಿದ್ದರೆ ನಿಮ್ಮ ಓವನ್, ಟಿನ್, ಟ್ರೇ ಮೂರೂ ಸರಿಯಾಗಿವೆ. ನಡುವೆ ಬಿಳಿ ವೃತ್ತ ಉಳಿದಿದ್ದರೆ ಟ್ರೇ ಕಾದಿರಲಿಲ್ಲ ಅಥವಾ ಟಿನ್ ಮೇಲಿನ ಹಂತದಲ್ಲಿತ್ತು. ಒಂದು ಪಕ್ಕ ಮಾತ್ರ ಕಪ್ಪಾಗಿದ್ದರೆ ಅರ್ಧ ಸಮಯಕ್ಕೆ ಟಿನ್ ತಿರುಗಿಸಬೇಕು. ಗೋಡೆ ಕುಸಿದಿದ್ದರೆ ಕಾಳು ಸಾಲದು ಅಥವಾ ಹಾಸುವಾಗ ಎಳೆದಿರಿ. ತುಪ್ಪದಂತೆ ಬೆಣ್ಣೆ ಟಿನ್ನಿನಲ್ಲಿ ನಿಂತಿದ್ದರೆ ಕಣಕ ತಣ್ಣಗಿರಲಿಲ್ಲ. ಈ ಖಾಲಿ ಕಣಕವನ್ನು ಎಸೆಯಬೇಡಿ. ಮುರಿದು, ಮೇಲೆ ಮಾವಿನ ರಸಾಯನ ಹಾಕಿಕೊಂಡು ತಿಂದರೆ ಬಹಳ ರುಚಿ.